ಹತ್ತು ಮಕ್ಕಳು, ಹತ್ತು ಊರು

ಮಾಮೂಲಿ ಪಠ್ಯಪುಸ್ತಕ ಮಗುವಿನ ಚೀಲದಲ್ಲಿ ಹಿಡಿಯುತ್ತದೆ. ಅದನ್ನೇ ಬ್ರೈಲ್‌ಗೆ ಇಳಿಸಿದರೆ ಹಲವು ಸಂಪುಟಗಳಾಗುತ್ತವೆ, ಒಂದೊಂದೂ ಮದುವೆ ಆಲ್ಬಮ್ಮಿನ ದಪ್ಪ. ಚುಕ್ಕಿ ಏಳಬೇಕಾದರೆ ಕಾಗದ ಗಟ್ಟಿಯಿರಬೇಕು, ಎದ್ದ ಚುಕ್ಕಿ ಉಳಿಯಬೇಕಾದರೆ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಬಾರದು. ಕೊಳ್ಳೇಗಾಲದಲ್ಲಿ ನಾನು ಮೊದಲು ನೋಡಿದ್ದು ಇಂಥ ಪುಸ್ತಕಗಳನ್ನು. ಕೋಣೆಯ ಒಂದು ಮೂಲೆಯಲ್ಲಿ ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಿದ್ದರು. ಅವುಗಳನ್ನು ಊರೂರಿಗೆ ಹೊತ್ತೊಯ್ಯುವ ಸಂಪನ್ಮೂಲ ಶಿಕ್ಷಕರು ಒಂದು ಸಂಪುಟ ಬಿಡಿಸಿ ನನ್ನ ಬೆರಳನ್ನು ಹಾಳೆಯ ಮೇಲಿಟ್ಟರು. ನನಗೆ ತಿಳಿದದ್ದು ಬರೀ ಒರಟು. “ಬಸ್ಸಲ್ಲಿ ಇದನ್ನ ತೊಡೆ ಮೇಲೆ ಇಟ್ಕಂಡೇ ಹೋಗ್ಬೇಕು ಸಾ. ಕೆಳಗೆ ಇಟ್ಟು ಯಾರಾರ ಕಾಲು ಮಡಗ್ಬುಟ್ರೆ ಅಕ್ಷರವೇ ಹೋಯ್ತದ” ಎಂದರು.

ಸರ್ಕಾರಿ ಕಡತದಲ್ಲಿ ಇವರ ಹುದ್ದೆಯ ಹೆಸರು ಉದ್ದ. ಶಾಲೆಗಳಲ್ಲಿ ಎಲ್ಲರೂ ಬಿಐಇಆರ್‌ಟಿ ಎನ್ನುತ್ತಾರೆ. ವಿಶೇಷ ಅಗತ್ಯವುಳ್ಳ ಮಕ್ಕಳು ಊರಿನ ಶಾಲೆಯಲ್ಲೇ ಎಲ್ಲರೊಂದಿಗೆ ಕಲಿಯಬೇಕೆಂಬ ಸಮನ್ವಯ ಶಿಕ್ಷಣದ ಹೊರೆ ತಾಲ್ಲೂಕಿನಲ್ಲಿ ನಿಂತಿರುವುದು ಇವರಂಥವರ ಹೆಗಲ ಮೇಲೆ. ಕ್ಷೇತ್ರ ಸಂಪನ್ಮೂಲ ಕೇಂದ್ರ ಇವರ ನೆಲೆ. ಅಲ್ಲಿಂದ ಬೆಳಿಗ್ಗೆ ಹೊರಟು ಒಂದೆರಡು ಶಾಲೆ, ಒಂದು ಮನೆ ಮುಗಿಸಿ ಬರುವುದರಲ್ಲಿ ಸಂಜೆಯಾಗುತ್ತದೆ. ಕೊಳ್ಳೇಗಾಲ, ಯಳಂದೂರು, ಹನೂರು ತಾಲ್ಲೂಕುಗಳಲ್ಲಿ ಕಣ್ಣು ಕಾಣದ ಅಥವಾ ಮಂದವಾಗಿ ಕಾಣುವ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಹೇಗೆ ಕಲಿಯುತ್ತಾರೆ ಎಂದು ನೋಡಲು ಬಂದ ನಾನು ಅವರ ಹಿಂದೆ ಹೊರಟೆ.

ಹೊರಡುವ ಮುನ್ನ ಅವರ ಚೀಲ ನೋಡಿದೆ. ಬ್ರೈಲ್ ಸ್ಲೇಟು, ಮರದ ಹಿಡಿಯ ಸ್ಟೈಲಸ್, ಮಣಿಗಳ ಅಬಾಕಸ್, ಲೆಕ್ಕಕ್ಕೆ ಟೇಲರ್ ಫ್ರೇಮ್. ಇವಲ್ಲದೆ ಮೊಟ್ಟೆ ಇಡುವ ರಟ್ಟಿನ ಟ್ರೇಯಿಂದ ಕತ್ತರಿಸಿದ ಆರು ಗುಳಿಯ ತುಂಡೊಂದು, ಪ್ಲಾಸ್ಟಿಕ್ ಕವರಿನಲ್ಲಿ ರೇಷ್ಮೆಗೂಡುಗಳು. ಕೊಳ್ಳೇಗಾಲ ರೇಷ್ಮೆಯ ಊರು; ನೂಲು ಬಿಚ್ಚಲು ಬಾರದ ತೂತುಬಿದ್ದ ಗೂಡು ಇಲ್ಲಿ ಕೇಳಿದವರಿಗೆ ಸಿಗುತ್ತದೆ. ಆರು ಗುಳಿ ಎಂದರೆ ಬ್ರೈಲ್‌ನ ಆರು ಮನೆ. ಎಡಗಡೆ ಮೇಲಿಂದ ಕೆಳಕ್ಕೆ ಒಂದು, ಎರಡು, ಮೂರು. ಬಲಗಡೆ ನಾಲ್ಕು, ಐದು, ಆರು. ಒಂದರಲ್ಲಿ ಗೂಡಿಟ್ಟರೆ ‘ಅ’. ಒಂದು ಮತ್ತು ಎರಡಕ್ಕೆ ಇಟ್ಟರೆ ‘ಬ’. ಎಡಗಡೆಯ ಮೂರೂ ತುಂಬಿದರೆ ‘ಲ’. ಒಂದು, ಮೂರು ಸೇರಿ ‘ಕ’. ಸಣ್ಣ ಮಗುವಿನ ಬೆರಳಿಗೆ ಕಾಗದದ ಚುಕ್ಕಿ ಹಿಡಿತಕ್ಕೆ ಬರುವ ಮೊದಲು ಗೂಡು ಹಿಡಿತಕ್ಕೆ ಬರುತ್ತದೆ.

ಆರು ಚುಕ್ಕಿಗಳಿಂದ 63 ಜೋಡಣೆ ಸಾಧ್ಯ. ಫ್ರಾನ್ಸಿನ ಲೂಯಿ ಬ್ರೈಲ್ ಈ ಲಿಪಿಗೆ ರೂಪು ಕೊಟ್ಟದ್ದು 1824ರ ಹೊತ್ತಿಗೆ, ಆಗ ಅವನಿನ್ನೂ ಹದಿಹರೆಯದ ಹುಡುಗ. ನಮ್ಮ ದೇಶದಲ್ಲಿ ಭಾಷೆಗೊಂದು ಪದ್ಧತಿ ಬೆಳೆದು ಗೊಂದಲವಾಗಿತ್ತು. 1951ರಲ್ಲಿ ಒಮ್ಮತಕ್ಕೆ ಬಂದು ಭಾರತಿ ಬ್ರೈಲ್ ನೆಲೆಗೊಂಡಿತು. ಅದರಲ್ಲಿ ಒಂದೇ ಉಚ್ಚಾರಕ್ಕೆ ಎಲ್ಲ ಭಾರತೀಯ ಭಾಷೆಗಳಲ್ಲೂ ಬಹುಪಾಲು ಒಂದೇ ಚಿಹ್ನೆ. ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿದ್ದಾರೆ. ಕಣ್ಣಿನಿಂದ ಓದುವ ಮಗು ಎರಡು ಲಿಪಿ ಕಲಿಯಬೇಕು. ಬೆರಳಿನಿಂದ ಓದುವ ಮಗುವಿಗೆ ತಮಿಳಿನ ಕ, ಕನ್ನಡದ ಕ, ಇಂಗ್ಲಿಷಿನ ಕೆ ಮೂರಕ್ಕೂ ಅವೇ ಎರಡು ಚುಕ್ಕಿ.

ಇನ್ನೊಂದು ಮಾತನ್ನು ಕನ್ನಡ ಮೇಷ್ಟ್ರುಗಳು ಗಮನಿಸಬೇಕು. ಅಚ್ಚಿನ ಕನ್ನಡದಲ್ಲಿ ಮಕ್ಕಳನ್ನು ಕಾಡುವುದು ಕಾಗುಣಿತ ಮತ್ತು ಒತ್ತಕ್ಷರ. ಬ್ರೈಲ್‌ನಲ್ಲಿ ಅಕ್ಷರದ ತಲೆಗೂ ಕಾಲಿಗೂ ಏನೂ ಅಂಟಿಕೊಳ್ಳುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಹೋಗುತ್ತದೆ. ‘ಕೊ’ ಎನ್ನಲು ‘ಕ’ ಬರೆದು ಮುಂದೆ ‘ಒ’ ಬರೆಯಬೇಕು. ಒತ್ತಕ್ಷರ ಬರುವ ಕಡೆ ಮೊದಲು ನಾಲ್ಕನೇ ಚುಕ್ಕಿಯೊಂದನ್ನೇ ಇಟ್ಟು ಆಮೇಲೆ ಎರಡೂ ವ್ಯಂಜನಗಳನ್ನು ಬರೆಯಬೇಕು. ಹನೂರು ಐದು ಮನೆಯಲ್ಲಿ ಮುಗಿಯುತ್ತದೆ, ಯಳಂದೂರಿಗೆ ಏಳು ಬೇಕು, ಕೊಳ್ಳೇಗಾಲಕ್ಕೆ ಒಂಬತ್ತು. ಶಬ್ದವನ್ನು ಬಿಡಿಬಿಡಿಯಾಗಿ ಕಿವಿಯಲ್ಲಿ ಒಡೆದುಕೊಳ್ಳದೆ ಬ್ರೈಲ್ ಬರೆಯಲು ಆಗುವುದೇ ಇಲ್ಲ. ಹಾಗಾಗಿ ಬ್ರೈಲ್ ಚೆನ್ನಾಗಿ ಕಲಿತ ಮಗುವಿನ ಕಾಗುಣಿತ ಗಟ್ಟಿ. ಕಷ್ಟವಿರುವುದು ಬರೆಯುವ ದಿಕ್ಕಿನಲ್ಲಿ. ಸ್ಟೈಲಸ್ ಕಾಗದವನ್ನು ಹಿಂದಿನಿಂದ ಚುಚ್ಚುತ್ತದೆ, ಚುಕ್ಕಿ ಏಳುವುದು ಮುಂದಿನ ಮಗ್ಗುಲಿಗೆ; ಆದ್ದರಿಂದ ಬಲದಿಂದ ಎಡಕ್ಕೆ ಬರೆದು, ಹಾಳೆ ತಿರುವಿ, ಎಡದಿಂದ ಬಲಕ್ಕೆ ಓದಬೇಕು. ಮಕ್ಕಳು ಇದಕ್ಕೆ ಹೊಂದಿಕೊಳ್ಳುವಷ್ಟು ಬೇಗ ದೊಡ್ಡವರು ಹೊಂದಿಕೊಳ್ಳಲಾರರು.

ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತಿಲ್ಲ. ದಾರಿಯುದ್ದಕ್ಕೂ ಗದ್ದೆ, ಕಬ್ಬು, ತೆಂಗು. ಎಡಕ್ಕೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು. ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಹಿಂದಿನಿಂದಲೂ ಮೈಸೂರಿಗೆ ಸೇರಿದ್ದು. ಕೊಳ್ಳೇಗಾಲ ಹಾಗಲ್ಲ, 1956ರ ನವೆಂಬರ್ 1ರವರೆಗೆ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಇಂದಿನ ಹನೂರು ಆಗ ಅದರೊಳಗೇ ಇತ್ತು. ಮೈಸೂರಿನಲ್ಲಿ ಎಂ. ಶ್ರೀನಿವಾಸ ರಾವ್ 1901ರಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ ತೆರೆದಾಗ ಕೊಳ್ಳೇಗಾಲದ ಮಗುವಿಗೆ ಅದು ಪರರಾಜ್ಯದ ಶಾಲೆ. ಭಾರತದಲ್ಲಿ ಅಂಧ ಮಕ್ಕಳಿಗೆಂದು ಶಾಲೆಗಳು ಆಗಷ್ಟೇ ಏಳತೊಡಗಿದ್ದ ಕಾಲ ಅದು. ಮೊದಲನೆಯದು 1887ರಲ್ಲಿ ಅಮೃತಸರದಲ್ಲಿ ಶುರುವಾಗಿತ್ತು. ಶ್ರೀನಿವಾಸ ರಾವ್ ತೆರೆದ, ಮೈಸೂರಿನ ತಿಲಕ್‌ನಗರದ ಆ ಸರ್ಕಾರಿ ಶಾಲೆ ಇಂದಿಗೂ ಇದೆ. ಹೆಣ್ಣುಮಕ್ಕಳಿಗೆ ರಂಗರಾವ್ ಸ್ಮಾರಕ ಶಾಲೆಯಿದೆ. ಈ ಭಾಗದ ಹಳ್ಳಿಯಲ್ಲಿ ಕಣ್ಣು ಕಾಣದ ಮಗು ಹುಟ್ಟಿತೆಂದರೆ ಇವತ್ತಿಗೂ ಯಾರಾದರೊಬ್ಬರು ಹೇಳುವ ಮಾತು “ಮೈಸೂರಿಗೆ ಸೇರ್ಸಿ” ಎಂದೇ.

ಸೇರಿಸುವುದು ತಪ್ಪಲ್ಲ. ವಸತಿ ಶಾಲೆಯಲ್ಲಿ ಬ್ರೈಲ್ ಬಲ್ಲ ಶಿಕ್ಷಕರಿದ್ದಾರೆ, ಸಂಗೀತವಿದೆ, ತನ್ನಂಥ ಗೆಳೆಯರಿದ್ದಾರೆ. ಅಲ್ಲಿ ಓದಿದ ಎಷ್ಟೋ ಜನ ಇಂದು ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಕೆಲಸದಲ್ಲಿದ್ದಾರೆ. ಆದರೆ ಆರು ವರ್ಷದ ಮಗುವನ್ನು ತಾಯಿಯಿಂದ ಅಷ್ಟು ದೂರ ಕಳಿಸಿದರಷ್ಟೇ ಅಕ್ಷರ, ಇಲ್ಲದಿದ್ದರೆ ಇಲ್ಲ ಎನ್ನುವುದು ನ್ಯಾಯವಲ್ಲ. ಕಾನೂನೂ ಹಾಗೆ ಹೇಳುವುದಿಲ್ಲ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಕಲಿಸುವ ಕೇಂದ್ರ ಯೋಜನೆ 1974ರಷ್ಟು ಹಳೆಯದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್, 6ರಿಂದ 18 ವರ್ಷದವರೆಗೆ, ನೆರೆಹೊರೆಯ ಶಾಲೆಯಾಗಲಿ ವಿಶೇಷ ಶಾಲೆಯಾಗಲಿ ಮಗುವಿನ ಆಯ್ಕೆಯಂತೆ ಉಚಿತ ಶಿಕ್ಷಣ ಸಿಗಬೇಕು ಎನ್ನುತ್ತದೆ. ಆಯ್ಕೆ ಎನ್ನಬೇಕಾದರೆ ಎರಡೂ ಕಡೆ ಪಾಠ ನಡೆಯುತ್ತಿರಬೇಕು. ಊರಿನ ಶಾಲೆಯಲ್ಲಿ ಹಾಜರಿ ಮಾತ್ರ ಸಿಕ್ಕಿ, ಅಕ್ಷರ ಮೈಸೂರಿನಲ್ಲೇ ಸಿಗುವಂತಾದರೆ ಆಯ್ದುಕೊಳ್ಳಲು ಉಳಿಯುವುದೇನು?

ಯಳಂದೂರು ತಾಲ್ಲೂಕಿನ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ. ನಲಿ-ಕಲಿ ಕೋಣೆ. ಇಲ್ಲಿಗೆ ದೂರವಲ್ಲದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿ ರಾಜ್ಯವನ್ನೆಲ್ಲ ವ್ಯಾಪಿಸಿದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ನೇತುಹಾಕಿದ ಚಪ್ಪರ. ಮಗು ಏಣಿಯ ಮೇಲಿನ ಚಿತ್ರ ನೋಡಿ ತನ್ನ ಮೆಟ್ಟಿಲು ಗುರುತಿಸಿ, ಅದೇ ಚಿತ್ರದ ಕಾರ್ಡು ಹುಡುಕಿಕೊಂಡು ಬಂದು ತಾನೇ ಕಲಿಯಬೇಕು. ಮಗುವಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟ ಪದ್ಧತಿ ನಮ್ಮಲ್ಲಿ ಕಡಿಮೆ. ಆದರೆ ಹೆಜ್ಜೆಹೆಜ್ಜೆಗೂ ಅದು ಕೇಳುವುದು ಕಣ್ಣನ್ನು.

ಕೋಣೆಯಲ್ಲಿ ಪೂರ್ತಿ ಕಣ್ಣು ಕಾಣದ ಎರಡನೇ ತರಗತಿಯ ಹುಡುಗನಿದ್ದ. ಅವನ ಟೀಚರ್ ವಿಶೇಷ ತರಬೇತಿ ಪಡೆದವರಲ್ಲ, ಎಲ್ಲರಂತೆ ಡಿ.ಇಡಿ. ಮುಗಿಸಿ ಬಂದವರು. ಅವರು ಮಾಡಿಕೊಂಡಿದ್ದ ಏರ್ಪಾಡು ಸರಳವಾಗಿತ್ತು. ಕಾರ್ಡುಗಳ ಬಲಮೂಲೆಗೆ ಹುಣಸೆ ಬೀಜ, ಗುಂಡಿ, ಸೆಣಬಿನ ದಾರ ಅಂಟಿಸಿದ್ದರು. ಆನೆಯ ಕಾರ್ಡಿಗೆ ಒಂದು ಗುರುತು, ಮೊಲದ್ದಕ್ಕೆ ಇನ್ನೊಂದು. ಹುಡುಗ ಎದ್ದು, ಗೋಡೆ ಹಿಡಿದು ಹೋಗಿ, ಪೆಟ್ಟಿಗೆಯಲ್ಲಿ ತಡವಿ, ತನ್ನ ಕಾರ್ಡು ತಂದ. ಅದರ ಮೇಲೆ ಸಂಪನ್ಮೂಲ ಶಿಕ್ಷಕರು ಬ್ರೈಲ್ ಪಟ್ಟಿ ಅಂಟಿಸಿಕೊಟ್ಟಿದ್ದರು. ಓದಿದ. ಪಕ್ಕದಲ್ಲಿ ಕೂತಿದ್ದ ಹುಡುಗಿ ಕಣ್ಣಿನಿಂದ ಅದೇ ಚುಕ್ಕಿ ನೋಡುತ್ತ ಅವನಿಗಿಂತ ಮೊದಲೇ “ಮರ” ಎಂದು ಕೂಗಿದಳು. ಅವನಿಗೆ ಸಿಟ್ಟು ಬಂತು. “ನೀ ಹೇಳ್ಕೊಡ್ಬೇಡ, ನಂಗೇ ಗೊತ್ತಾಯ್ತದ” ಎಂದ.

ನನಗೆ ಈ ಸುತ್ತಾಟದಲ್ಲಿ ಅತಿ ಮುಖ್ಯವಾಗಿ ಕಂಡದ್ದು ಆ ಹುಡುಗಿ. ಯಾರೂ ಕಲಿಸದೆ, ಪಕ್ಕ ಕೂತೇ, ಅವಳು ಬ್ರೈಲ್ ಕಲಿತಿದ್ದಳು. ಬ್ರೈಲ್ ಅನ್ನು ಬೆರಳಿನಿಂದ ಓದಲು ವರ್ಷಗಳ ಅಭ್ಯಾಸ ಬೇಕು. ಕಣ್ಣಿನಿಂದ ಓದಲು ಬೇಡ. ವರ್ಣಮಾಲೆಯ ಐವತ್ತು ಚಿಹ್ನೆಗಳನ್ನು ನೆನಪಿಟ್ಟುಕೊಂಡರೆ ಕಣ್ಣಿರುವ ಯಾರಾದರೂ ಮಗುವಿನ ಬರಹ ತಿದ್ದಬಹುದು. ಏಳು ವರ್ಷದ ಹುಡುಗಿಗೆ ಆಟದಲ್ಲಿ ಬಂದದ್ದು ಶಿಕ್ಷಕರಿಗೆ ಬಾರದೇ?

ಇದನ್ನು ಒತ್ತಿ ಹೇಳಲು ಕಾರಣವಿದೆ. 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪಿನಲ್ಲಿ ವಿಶೇಷ ಶಿಕ್ಷಕರ ಕೊರತೆಯನ್ನು ಕೈಗೆತ್ತಿಕೊಂಡಿತು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಪ್ರಮಾಣ ಬಂತು. ಮರುವರ್ಷ ಕೇಂದ್ರ ಅದನ್ನೇ ಅಧಿಸೂಚನೆ ಮಾಡಿತು. ದೊಡ್ಡ ಹೆಜ್ಜೆ. ಆದರೆ ಇಲ್ಲಿನ ಭೂಪಟ ಬೇರೆ. ನಗರದಲ್ಲಿ ಹತ್ತು ಮಕ್ಕಳು ಒಂದೆರಡು ಶಾಲೆಗಳಲ್ಲಿ ಸಿಗಬಹುದು. ಇಲ್ಲಿ ಹತ್ತು ಮಕ್ಕಳು ಹತ್ತು ಊರಲ್ಲಿದ್ದಾರೆ, ಊರೂರಿನ ನಡುವೆ ಕಾಡಿದೆ. ವಿಶೇಷ ಶಿಕ್ಷಕರ ಪದವಿಯೂ ಬೇರೆಬೇರೆ. ಒಬ್ಬರು ಓದಿದ್ದು ಶ್ರವಣದೋಷದ ಮಕ್ಕಳಿಗೆ ಕಲಿಸಲು, ಇನ್ನೊಬ್ಬರು ಬೌದ್ಧಿಕ ಅಸಾಮರ್ಥ್ಯದ ಮಕ್ಕಳಿಗೆ, ಮತ್ತೊಬ್ಬರು ದೃಷ್ಟಿದೋಷದ ಮಕ್ಕಳಿಗೆ. ಎಲ್ಲ ಹುದ್ದೆ ತುಂಬಿದರೂ ಅಂಧ ಮಗುವೊಂದರ ಪಕ್ಕ ಬ್ರೈಲ್ ಬಲ್ಲವರು ವಾರಕ್ಕೆ ಒಂದು ದಿನ ಕೂತರೆ ಹೆಚ್ಚು. ಉಳಿದ ದಿನಗಳು ಯಾರವು? ತರಗತಿಯ ಟೀಚರದ್ದೇ. ಅಂಧ ಮಗುವಿರುವ ಪ್ರತಿ ಶಾಲೆಯಲ್ಲೂ ಒಬ್ಬ ಸಾಮಾನ್ಯ ಶಿಕ್ಷಕರಾದರೂ ಕಣ್ಣಿನಿಂದ ಕನ್ನಡ ಬ್ರೈಲ್ ಓದಲು ಕಲಿಯಲೇಬೇಕು. ಬೇಸಿಗೆಯ ತರಬೇತಿಗಳಲ್ಲಿ ಇದಕ್ಕೆ ಜಾಗ ಮಾಡಿಕೊಡಬೇಕು. ವಿಶೇಷ ಶಿಕ್ಷಕರ ಹುದ್ದೆಗೆ ಇದು ಬದಲಿಯಲ್ಲ. ಅವರು ಬಾರದ ದಿನವೂ ಮಗುವಿನ ಬರಹ ತಿದ್ದುವ ಒಬ್ಬರು ಕೋಣೆಯಲ್ಲಿರಬೇಕು, ಅಷ್ಟೆ.

ಇನ್ನೊಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಗಣಿತ ನಡೆಯುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತ “ಇದಕ್ಕೆ ಇದನ್ನ ಕೂಡ್ಸಿ, ಇಲ್ಲಿ ಒಂದು ದಶಕ ಇಲ್ಲಿಗೆ ಬಂತು, ಈಗ ಇದೆಷ್ಟಾಯ್ತು?” ಎನ್ನುತ್ತಿದ್ದರು. ಮಕ್ಕಳು ಒಕ್ಕೊರಲಿನಿಂದ ಉತ್ತರ ಹೇಳಿದರು. ಕಿಟಕಿಯ ಹತ್ತಿರ ಕೂತ ಒಂದು ಮಗುವಿಗೆ ಆ ಇಡೀ ಲೆಕ್ಕದಲ್ಲಿ ಕೇಳಿಸಿದ್ದು ಇದು, ಇಲ್ಲಿ, ಇದು. ಸಂಪನ್ಮೂಲ ಶಿಕ್ಷಕರು ಆ ಲೆಕ್ಕ ಮುಗಿದ ಮೇಲೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು: “ಸರ್, ಬರೀವಾಗ ಅಂಕಿ ಬಾಯಲ್ಲೂ ಹೇಳಿ. ಮೂವತ್ತೇಳಕ್ಕೆ ಹದಿನೈದು. ಏಳು ಐದು ಹನ್ನೆರಡು, ಎರಡು ಬಿಡಿ, ಒಂದು ದಶಕ. ಅಷ್ಟೆ ಸಾಕು.” ಮೇಷ್ಟ್ರು ತಲೆಯಾಡಿಸಿದರು, ಅದೇ ಲೆಕ್ಕವನ್ನು ಮತ್ತೆ ಹಾಗೇ ಹೇಳಿದರು. ಆ ಮಗುವಿನ ಕೈ ಟೇಲರ್ ಫ್ರೇಮಿನ ಮೇಲೆ ಓಡತೊಡಗಿತು. ಸಾಲುಸಾಲು ತೂತಿನ ಹಲಗೆ, ತೂತಿಗೆ ಕೂರುವ ಸಣ್ಣ ಲೋಹದ ಮೊಳೆ. ಮೊಳೆಯನ್ನು ಎಂಟು ದಿಕ್ಕಿಗೆ ತಿರುಗಿಸಿ ಕೂರಿಸಬಹುದು. ಒಂದು ತುದಿಯಲ್ಲಿ ಗೆರೆ, ಇನ್ನೊಂದು ತುದಿಯಲ್ಲಿ ಎರಡು ಚುಕ್ಕಿ ಇರುವುದರಿಂದ ಹದಿನಾರು ಚಿಹ್ನೆ ಸಿಗುತ್ತವೆ. ಅಂಕಿಗಳಿಗೂ ಕೂಡು ಕಳೆ ಗುರುತುಗಳಿಗೂ ಅಷ್ಟು ಸಾಕು. ಐವತ್ತೆರಡು ಎಂದು ಅವಳು ಮೊಳೆ ಕೂರಿಸಿದ್ದನ್ನು ಮೇಷ್ಟ್ರು ತಾವೇ ಬಗ್ಗಿ ನೋಡಿದರು.

ಪೂರ್ತಿ ಕಾಣದ ಮಕ್ಕಳಿಗಿಂತ ಮಂದದೃಷ್ಟಿಯ ಮಕ್ಕಳೇ ಶಾಲೆಗಳಲ್ಲಿ ಹೆಚ್ಚು, ಅವರೇ ಹೆಚ್ಚು ಕಣ್ತಪ್ಪಿ ಹೋಗುವವರು. ಒಳ್ಳೆಯ ಕಣ್ಣಿಗೆ 60 ಮೀಟರ್ ದೂರದಲ್ಲಿ ಕಾಣುವುದು ಕನ್ನಡಕ ಹಾಕಿದ ಮೇಲೂ 3 ಮೀಟರ್ ಹತ್ತಿರಕ್ಕೆ ಬಂದರೂ ಕಾಣದಿದ್ದರೆ ಕಾನೂನಿನ ಪ್ರಕಾರ ಅಂಧತ್ವ. ಅದಕ್ಕಿಂತ ಮೇಲೆ, 6/18ರವರೆಗೆ ಮಂದದೃಷ್ಟಿ. ಇಂಥ ಮಗು ಮನೆಯೊಳಗೆ ಓಡಾಡುತ್ತದೆ, ಬಿದ್ದ ನಾಣ್ಯ ಹುಡುಕುತ್ತದೆ, ಬೋರ್ಡು ಮಾತ್ರ ಓದುವುದಿಲ್ಲ. ಮೇಷ್ಟ್ರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಹೀಗೆ ‘ದಡ್ಡ’ ಎನಿಸಿಕೊಂಡ ಮಗುವನ್ನು ಮುಂದಿನ ಸಾಲಿಗೆ ತಂದು, ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ದಪ್ಪ ನಿಬ್ಬಿನ ಕಪ್ಪು ಪೆನ್ನು, ದೊಡ್ಡಕ್ಷರದ ಪುಸ್ತಕ ಕೊಟ್ಟರೆ ಓದು ಸಾಗುತ್ತದೆ. ಚರ್ಮಕ್ಕೂ ಕೂದಲಿಗೂ ಬಣ್ಣವಿಲ್ಲದೆ ಹುಟ್ಟಿದ ಆಲ್ಬಿನಿಸಂ ಮಕ್ಕಳಿಗೆ ಬೆಳಕೇ ಶತ್ರು. ಅವರಿಗೆ ನೆರಳಿನ ಜಾಗ, ತಲೆಗೆ ಅಂಚಿನ ಟೋಪಿ ಬೇಕು. ಖರ್ಚಿನ ಮಾತೇ ಇಲ್ಲದ ಬದಲಾವಣೆಗಳಿವು.

ಕಾರಣಗಳನ್ನು ಕೇಳುತ್ತ ಹೋದರೆ ಕೆಲವು ಮನೆಯೊಳಗೇ ಸಿಗುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಹಳೇ ಮೈಸೂರು ಭಾಗದಲ್ಲಿ ಇನ್ನೂ ಉಳಿದಿದೆ. ರಕ್ತಸಂಬಂಧದ ಮದುವೆಯಲ್ಲಿ ಅಕ್ಷಿಪಟಲ ಕ್ರಮೇಣ ಸೋಲುವ ರೆಟಿನೈಟಿಸ್ ಪಿಗ್ಮೆಂಟೋಸಾದಂಥ ಕಾಯಿಲೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಮೊದಲು ಇರುಳಿನಲ್ಲಿ ಎಡವುವುದು, ಆಮೇಲೆ ಪಕ್ಕದ ನೋಟ ಹೋಗುವುದು. ಹುಟ್ಟುವಾಗಲೇ ಪೊರೆ ಬಂದ ಮಕ್ಕಳಿಗೆ ಬೇಗ ಶಸ್ತ್ರಚಿಕಿತ್ಸೆಯಾದರೆ ಒಂದಿಷ್ಟು ನೋಟ ಉಳಿಯುತ್ತದೆ. ತಡವಾದರೆ ಕಣ್ಣು ಸರಿಯಾದರೂ ಮಿದುಳು ನೋಡುವುದನ್ನು ಕಲಿತಿರುವುದಿಲ್ಲ. ವಿಟಮಿನ್ ಎ ಕೊರತೆಯಿಂದ ಕಣ್ಣು ಕಳೆದುಕೊಳ್ಳುವ ಮಕ್ಕಳು ಈಗ ಬಹಳ ಕಡಿಮೆ. 1970ರಿಂದ ನಡೆದು ಬಂದ ಹನಿಯ ಕಾರ್ಯಕ್ರಮಕ್ಕೆ, ಅದನ್ನು ಮನೆಮನೆಗೆ ಮುಟ್ಟಿಸಿದ ಹೆಣ್ಣುಮಕ್ಕಳಿಗೆ ಅದರ ಶ್ರೇಯ ಸಲ್ಲಬೇಕು. ಮಂದದೃಷ್ಟಿಯ ಹೆಣ್ಣುಮಕ್ಕಳ ಕನ್ನಡಕ ಮಾತ್ರ ಹಲವು ಮನೆಗಳಲ್ಲಿ ಗೂಡಿನಲ್ಲೇ ಇರುತ್ತದೆ. “ಕನ್ನಡ್ಕ ಹಾಕಂಡ್ರೆ ನಾಳೆ ಯಾರು ಮದ್ವೆ ಆದರು?” ಎಂದು ಅಜ್ಜಿಯೊಬ್ಬರು ನನ್ನನ್ನೇ ಕೇಳಿದರು. ಹುಡುಗಿ ಆರನೇ ತರಗತಿ.

ಯಳಂದೂರಿನಲ್ಲಿ ಊಟದ ಹೊತ್ತು. ಬಿಸಿಯೂಟದ ಸಾಲಿನಲ್ಲಿ ನಲಿ-ಕಲಿಯ ಆ ಹುಡುಗ ಗೆಳೆಯನ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದು ಬಂದ. ಹೀಗೆಯೇ ನಡೆಸಬೇಕು, ಅಂಧರ ಕೈ ಹಿಡಿದು ಎಳೆಯಬಾರದು, ಬೆನ್ನಿಗೆ ಕೈಹಾಕಿ ದೂಡಬಾರದು. ಅಡುಗೆಯಮ್ಮ ತಟ್ಟೆ ಇಡುತ್ತ “ಅನ್ನ ನಿನ್ ಕಡೆ ಅದೆ ಮಗ, ಸಾರು ಆಚೆಗೆ, ಮೊಟ್ಟೆ ಬಲಗಡೆ” ಎಂದರು. ಅವರಿಗೆ ಇದನ್ನು ಯಾರು ಹೇಳಿಕೊಟ್ಟರೋ ಕೇಳಲಿಲ್ಲ.

ಹನೂರಿನ ದಾರಿ ಬೇರೆ ಬಗೆಯದು. ಮಧುವನಹಳ್ಳಿ ದಾಟಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯ ಮುಂದೆ ಹಾದು ಹೋಗುವ ಹೊತ್ತಿಗೆ ಗದ್ದೆ ಕಳೆದು ಒಣಭೂಮಿ ಶುರು. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸುಗಳೇ ಈ ರಸ್ತೆಯ ಜೀವ. ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದ ಹನೂರಿನ ಹರವು ದೊಡ್ಡದು, ಜನವಸತಿ ಚದುರಿದ್ದು. ಬೆಟ್ಟದ ಮೇಲಿನ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ನಾಗಮಲೆಯಂಥ ಊರುಗಳಿಗೆ ಸರಿಯಾದ ರಸ್ತೆ ಇರಲಿಲ್ಲ. ಮಕ್ಕಳು ಆನೆ ಓಡಾಡುವ ಕಾಡಿನಲ್ಲಿ ಮೈಲಿಗಟ್ಟಲೆ ನಡೆದು ಶಾಲೆಗೆ ಬರುತ್ತಿದ್ದರು. ಅರಣ್ಯ ಇಲಾಖೆ ‘ಜನ-ವನ ಸಾರಿಗೆ’ ಎಂದು ಜೀಪುಗಳನ್ನು ಬಿಟ್ಟ ಮೇಲೆ ಕೆಲವರಿಗೆ ಅನುಕೂಲವಾಯಿತು. ಕಣ್ಣಿರುವ ಮಗುವಿಗೇ ಈ ದಾರಿ ಹೀಗಿದ್ದರೆ ಕಣ್ಣಿಲ್ಲದ ಮಗುವನ್ನು ಶಾಲೆಗೆ ಕಳಿಸೆಂದು ತಾಯಿಗೆ ಹೇಳುವ ಬಾಯಿ ಯಾರಿಗಿದೆ?

ಗೃಹಾಧಾರಿತ ಶಿಕ್ಷಣ ಎಂಬ ಏರ್ಪಾಡು ಇರುವುದು ಇಂಥಲ್ಲಿ ಎಂದು ನಾನು ತಿಳಿದಿದ್ದೆ. ಸಂಪನ್ಮೂಲ ಶಿಕ್ಷಕರು ಒಪ್ಪಲಿಲ್ಲ. ಹಾಸಿಗೆ ಬಿಟ್ಟು ಏಳಲಾಗದ, ಬಹುವಿಧ ಅಂಗವೈಕಲ್ಯವಿರುವ ಮಕ್ಕಳಿಗೆ ಅದು ಬೇಕು. ಕಣ್ಣು ಕಾಣದಿರುವುದು ಒಂದೇ ಕಾರಣವಾದರೆ ಮಗುವನ್ನು ಆ ಪಟ್ಟಿಗೆ ಹಾಕುವುದು ಅನ್ಯಾಯ ಎಂದರು. ನನಗೂ ಅವರ ಮಾತೇ ಸರಿ ಎನಿಸಿತು. ಪಟ್ಟಿಗೆ ಸೇರಿದ ಮಗುವಿನ ಮನೆಗೆ ತಿಂಗಳಿಗೆ ಕೆಲವು ಸಲ ಒಬ್ಬರು ಬಂದು ಹೋಗುತ್ತಾರೆ. ಜಗಳವಾಡಲು ಗೆಳೆಯರಿಲ್ಲ, ಎದ್ದು ಉತ್ತರ ಹೇಳಲು ತರಗತಿಯಿಲ್ಲ. ಅಂಥ ಮಗುವಿಗೆ ಬೇಕಾದದ್ದು ಜೊತೆಗೆ ಬರುವ ಒಬ್ಬರು ಮತ್ತು ವಾಹನ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿವರೆಗೆ ಖರ್ಚು ಮಾಡಲು ಅವಕಾಶವಿದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನವೂ ಇದೆ. ಬೆಂಗಾವಲು, ಸಾರಿಗೆ, ಸಾಧನ, ಪುಸ್ತಕ ಎಲ್ಲವೂ ಈ ಮಿತಿಯೊಳಗೆ ಬರಬೇಕು. ಬೆಟ್ಟದ ಊರಿನ ಜೀಪಿನ ಬಾಡಿಗೆ ಗೊತ್ತಿರುವ ಯಾರೂ ಇದು ಸಾಕು ಎನ್ನಲಾರರು. ಗುಡ್ಡಗಾಡಿನ ತಾಲ್ಲೂಕುಗಳಿಗೆ ಬೇರೆ ದರವೇ ಇರಬೇಕು.

ಹನೂರಿನಾಚೆ ಒಂದು ಮನೆಗೆ ಹೋದೆವು. ಜಗುಲಿಯ ಮೇಲೆ ಎಂಟು ವರ್ಷದ ಹುಡುಗಿ, ಪಕ್ಕದಲ್ಲಿ ಅಜ್ಜ. ಅಜ್ಜ ಮಾದಪ್ಪನ ಒಕ್ಕಲು, ಕಂಸಾಳೆ ಹಿಡಿದು ಊರೂರು ಸುತ್ತಿದವರು. ಮೊಮ್ಮಗಳಿಗೆ ಮಹದೇಶ್ವರನ ಕಥೆಯ ಸಾಲುಸಾಲು ಬಾಯಿಪಾಠ. ಎಲ್ಲಿ ನಿಲ್ಲಿಸಿದರೂ ಅಲ್ಲಿಂದ ಮುಂದಕ್ಕೆ ಹಾಡಬಲ್ಲಳು. ಇಡೀ ರಾತ್ರಿ ಕಥೆ ಹಾಡುವ ದೇವರಗುಡ್ಡರ, ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ದಪ್ಪಾಜಿಯ ಕಥೆ ಹೇಳುವ ನೀಲಗಾರರ ನೆಲ ಇದು. ಓದು ಬಾರದವರ ಬಾಯಲ್ಲೇ ಮಹಾಕಾವ್ಯಗಳು ಉಳಿದುಬಂದ ಈ ಸೀಮೆಯಲ್ಲಿ ಕಿವಿಯ ಕಲಿಕೆಯನ್ನು ಯಾರೂ ಕೀಳಾಗಿ ಕಾಣಬಾರದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳನ್ನು ಸಂಗೀತದಿಂದ ಸ್ವಂತ ಕಾಲ ಮೇಲೆ ನಿಲ್ಲಿಸಿದ ಉದಾಹರಣೆ ನಾಡಿನ ಕಣ್ಣಮುಂದಿದೆ. ಆದರೂ ಅಜ್ಜ ಕೇಳಿದ್ದು ಹಾಡಿನ ವಿಷಯವಲ್ಲ. “ಹಾಡು ನಾ ಕಲಿಸ್ತೀನಿ ಮೇಷ್ಟ್ರೆ. ನೀವು ಇವಳ್ಗೆ ಲೆಕ್ಕ ಕಲ್ಸಿ. ನಾಳೆ ನಾ ಇಲ್ದಿದ್ರೆ ಅಂಗಡಿಯವ ಚಿಲ್ರೆ ಮೋಸ ಮಾಡ್ಬಾರ್ದು” ಎಂದರು.

ಆ ದಿನ ಅವಳಿಗೆ ಕಲಿಸಿದ್ದು ಕೋಲು ಹಿಡಿಯುವುದನ್ನು. ಎದೆಮೂಳೆಯ ಎತ್ತರದ ಬಿಳಿ ಕೋಲು, ಹೆಜ್ಜೆ ಇಡುವ ಕಾಲಿನ ಎದುರು ಬದಿಗೆ ಅದರ ತುದಿ ತಾಗಬೇಕು. ಮನೆಯಿಂದ ಶಾಲೆಯ ಗೇಟಿನವರೆಗೆ ನಡೆದೆವು. ಮೊದಲು ಕೈಪಂಪಿನ ಸದ್ದು, ಆಮೇಲೆ ಹಿಟ್ಟಿನ ಗಿರಣಿ, ಕಾಲ ಕೆಳಗೆ ಮಣ್ಣು ಮುಗಿದು ಕಾಂಕ್ರೀಟು ಬಂದರೆ ಬಲಕ್ಕೆ ತಿರುಗು. ಅವಳಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಕೋಲಿನಿಂದ ಸಿಕ್ಕ ಹೊಸತೆಂದರೆ ಯಾರ ಕೈಯನ್ನೂ ಹಿಡಿಯದೆ ನಡೆಯುವುದು.

ಪ್ರೌಢಶಾಲೆಗೆ ಬಂದರೆ ಮೊಬೈಲು ಎಲ್ಲರ ಕೈಯಲ್ಲಿದೆ. ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಈಗ ಕನ್ನಡವನ್ನೂ ಓದುತ್ತವೆ. ಎನ್‌ವಿಡಿಎ ಕಟ್ಟಿದವರು ಸ್ವತಃ ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯಾದ ಯುವಕರು, 2006ರಲ್ಲಿ. ಬೆಂಗಳೂರಿನಲ್ಲಿ ವಿದ್ಯಾ ವೈ. ಮತ್ತು ಜೊತೆಗಾರರು ಕಟ್ಟಿದ ವಿಷನ್ ಎಂಪವರ್ ಸಂಸ್ಥೆ, ಅಂಧ ಮಕ್ಕಳೂ ವಿಜ್ಞಾನ ಗಣಿತ ಓದಬಹುದೆಂದು ಶಿಕ್ಷಕರಿಗೆ ತರಬೇತಿ ಕೊಡುತ್ತ, ಕಡಿಮೆ ಬೆಲೆಯ ಬ್ರೈಲ್ ಓದುಪರದೆಯನ್ನೂ ರೂಪಿಸಿದೆ. ವಿದ್ಯಾ ಅವರೇ ಹುಟ್ಟಿನಿಂದ ಕಣ್ಣು ಕಾಣದವರು, ಗಣಿತ ಬಿಡಲು ಒಪ್ಪದೆ ಸ್ನಾತಕೋತ್ತರ ಪದವಿಯ ತನಕ ಓದಿದವರು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ದೃಷ್ಟಿದೋಷವಿರುವ ವಿದ್ಯಾರ್ಥಿಗಳು ಗಣಿತ, ವಿಜ್ಞಾನದ ಬದಲು ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಂಗೀತದಂಥ ಪರ್ಯಾಯ ವಿಷಯ ತೆಗೆದುಕೊಳ್ಳಬಹುದು. ಅನುಕೂಲಕ್ಕೆಂದು ತೆರೆದ ಬಾಗಿಲು. ಆದರೆ ಎಷ್ಟೋ ಮಕ್ಕಳಿಗೆ ಎಂಟನೇ ತರಗತಿಯಲ್ಲೇ “ನಿನಗೆ ಗಣಿತ ಬೇಡ” ಎಂದು ಬೇರೆಯವರು ತೀರ್ಮಾನಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ವಿಜ್ಞಾನದ ಎಲ್ಲ ದಾರಿಯೂ ಮುಚ್ಚುತ್ತದೆ.

ಮೊಬೈಲು ಬಂದ ಮೇಲೆ ಬ್ರೈಲ್ ಏಕೆ ಎಂದು ಕೇಳುವವರಿದ್ದಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಕಣ್ಣಿರುವ ಮಗುವಿಗೆ ಪುಸ್ತಕ ಕಸಿದುಕೊಂಡು ರೇಡಿಯೊ ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ? ಕೇಳಿದ್ದು ಅರ್ಥವಾಗುತ್ತದೆ, ಆದರೆ ಪದ ಹೇಗೆ ಕಟ್ಟಿಕೊಂಡಿದೆ, ಎಲ್ಲಿ ದೀರ್ಘ, ಎಲ್ಲಿ ಒತ್ತು, ವಾಕ್ಯ ಎಲ್ಲಿ ಮುಗಿಯಿತು ಎಂಬುದು ಬೆರಳು ಮುಟ್ಟದೆ ತಿಳಿಯುವುದಿಲ್ಲ. ಅದಕ್ಕೇ ಬ್ರೈಲ್ ಪುಸ್ತಕ ಜೂನಿನಲ್ಲೇ ಬರಬೇಕು ಎಂದು ಎಲ್ಲ ಶಾಲೆಗಳಲ್ಲೂ ಹೇಳಿದರು. ಎಲ್ಲರ ಕೈಗೂ ಪುಸ್ತಕ ಬಂದ ದಿನವೇ ಅಂಧ ಮಗುವಿನ ಕೈಗೂ ಬರಬೇಕು. ದಸರಾ ರಜೆ ಕಳೆದು ಬಂದ ಬ್ರೈಲ್ ಪಾಠ ಯಾರಿಗೆ?

ಕೊಳ್ಳೇಗಾಲಕ್ಕೆ ಮರಳುವ ದಾರಿಯಲ್ಲಿ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ಹುಡುಗನನ್ನು ಕಂಡೆವು. ಅವನು ಪರೀಕ್ಷೆಗೆ ತಯಾರಾಗುತ್ತಿದ್ದ. ಅವನಿಗೆ ಬರೆದುಕೊಡುವವರು ಅವನಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಸಮಯ ಸಿಗುತ್ತದೆ. ಎಷ್ಟೋ ಕಡೆ ಬರೆಯುವ ಮಗುವನ್ನು ಪರೀಕ್ಷೆಯ ಹಿಂದಿನ ದಿನ ಗೊತ್ತು ಮಾಡುತ್ತಾರೆ. ಇಬ್ಬರಿಗೂ ಒಬ್ಬರ ದನಿ, ಒಬ್ಬರ ವೇಗ ಇನ್ನೊಬ್ಬರಿಗೆ ತಿಳಿದಿರುವುದಿಲ್ಲ, ಗೊತ್ತಿರುವ ಉತ್ತರವೂ ಹಾಳೆಯ ಮೇಲೆ ಕೆಡುತ್ತದೆ. ಇಲ್ಲಿನ ಮುಖ್ಯೋಪಾಧ್ಯಾಯಿನಿ ಅರ್ಧವಾರ್ಷಿಕದಿಂದಲೇ ಒಂಬತ್ತನೇ ತರಗತಿಯ ಒಬ್ಬ ಹುಡುಗನನ್ನು ಜೊತೆ ಮಾಡಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಜಗುಲಿಯಲ್ಲಿ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ಕೃಷ್ಣದೇವರಾಯನ ಆಸ್ಥಾನದ ಮೇಲೆ ಪ್ರಶ್ನೆ. ದೊಡ್ಡವನು ಹೇಳುತ್ತ ಹೋದ, ಚಿಕ್ಕವನು ಬರೆಯುತ್ತ ಹೋದ.

“ಅಷ್ಟದಿಗ್ಗಜರು ಅಂತ ಬರ್ದ್ಯಾ?”

“ಹೂಂ.”

“ಗಕ್ಕೆ ಗ ಒತ್ತು ಕೊಟ್ಟಿದ್ಯಾ?”

ಚಿಕ್ಕವನು ಹಾಳೆ ನೋಡಿದ. ಕೊಟ್ಟಿರಲಿಲ್ಲ. ಸೇರಿಸಿದ. ದೊಡ್ಡವನು ಬ್ರೈಲ್‌ನಲ್ಲಿ ತಾನು ಬರೆದುಕೊಂಡಿದ್ದ ಟಿಪ್ಪಣಿಯ ಮುಂದಿನ ಸಾಲಿಗೆ ಬೆರಳು ಸರಿಸಿ, “ಎರಡನೇ ಪ್ರಶ್ನೆ ಓದು, ಟೈಮಾಯ್ತದ” ಎಂದ.